ತುದಿಯಿಂದ ಬಿಡಿಸಬೇಕಾದ ಕೂದಲು

ಆ ಬುಧವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಮೂರು ಜನ ಇದ್ದೆವು. ನಾನು, ಮೇಲಿನ ಮಹಡಿಯ ಬಾಯಮ್ಮ, ಮತ್ತೆ ಕೆಳಗಿನ ಮನೆಯ ಏಳು ವರ್ಷದ ಹುಡುಗಿ. ಬಾಯಮ್ಮ ನಮ್ಮ ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಪಾಳಿ ಮುಗಿಸಿ ಬಂದವರು ನಮ್ಮಲ್ಲಿ ಒಂದು ಲೋಟ ಚಾ ಕುಡಿದೇ ಮೇಲೆ ಹತ್ತುವುದು. ಹುಡುಗಿಯ ತಂದೆ ತಾಯಿ ಸುಡಾನ್ ದೇಶದವರು. ತಾಯಿಗೆ ದಿನ ತುಂಬಿತ್ತು. ಬೆಳಗಿನ ಜಾವ ನೋವು ಕಾಣಿಸಿಕೊಂಡು ಆಸ್ಪತ್ರೆಗೆ ಹೊರಟಾಗ ಮಗಳನ್ನು ಕಂಬಳಿ ಸಮೇತ ನಮ್ಮ ಸೋಫಾದ ಮೇಲೆ ಮಲಗಿಸಿ ಹೋಗಿದ್ದರು. ನನ್ನ ಗಂಡ ಆಗಲೇ ಟುಬ್ಲಿಯ ಗ್ಯಾರೇಜಿಗೆ ಹೊರಟಾಗಿತ್ತು. ಅಲ್ಲಿ ಸ್ಪೇರ್ ಪಾರ್ಟ್ಸ್ ಕೌಂಟರು ಅವರದು.

ತೊಂಬತ್ತರ ದಶಕದ ನಡುವಿನ ಒಂದು ಜನವರಿ ಅದು. ಬಹರೈನಿನಲ್ಲಿ ಚಳಿ ಉಂಟು ಎಂದರೆ ಊರಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಆದರೆ ಮನಾಮಾದ ನಮ್ಮ ಹಳೆಯ ಕಟ್ಟಡದ ನೆಲ ಜನವರಿಯಲ್ಲಿ ಕಾಲಿಡಲಾಗದಷ್ಟು ತಣ್ಣಗಿರುತ್ತಿತ್ತು. ಊರಿಂದ ತಂದ ತೆಂಗಿನೆಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿ ಮೇಣದ ಹಾಗೆ ಬೆಳ್ಳಗೆ ಕೂತಿರುತ್ತಿತ್ತು. ಈ ಎಣ್ಣೆಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಆದದ್ದಕ್ಕೆಲ್ಲ ಅದರದ್ದೂ ಪಾಲು ಇದೆ.

ಹುಡುಗಿಯ ತಲೆಯ ತುಂಬ ಹುರಿಗಳು. ಅವರ ಕೂದಲು ನಮ್ಮ ಹಾಗೆ ಇಳಿಬೀಳುವುದಲ್ಲ, ಸುರುಳಿ ಸುರುಳಿಯಾಗಿ ಮೇಲಕ್ಕೇ ಎದ್ದು ನಿಲ್ಲುವುದು. ತಾಯಿ ಅದನ್ನು ಚಿಕ್ಕ ಚಿಕ್ಕ ಭಾಗ ಮಾಡಿ, ಎರಡೆರಡು ಎಳೆ ತೆಗೆದು, ಒಂದರ ಮೇಲೊಂದು ಸುತ್ತಿ ಹಗ್ಗ ಹೊಸೆದ ಹಾಗೆ ತುದಿಯವರೆಗೆ ಹೊಸೆದಿದ್ದಳು. ನೋಡಲಿಕ್ಕೆ ಬಹಳ ಚಂದ. ಮೂರು ವಾರಕ್ಕೊಮ್ಮೆ ಬಿಚ್ಚಿ, ತೊಳೆದು, ಮತ್ತೆ ಹೊಸೆಯುವುದಂತೆ. ಈ ಸಲ ಹೊಟ್ಟೆ ಭಾರಕ್ಕೆ ಕೂರಲಾಗದೆ ಆರು ವಾರ ಹಾಗೇ ಉಳಿದುಹೋಗಿತ್ತು.

ವಾರದ ಹಿಂದೆ ಆಕೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಿದ್ದಳು. ನಮ್ಮಿಬ್ಬರ ಮಾತೆಲ್ಲ ಹರಕು ಹಿಂದಿ, ನಡುವೆ ಇಂಗ್ಲಿಷು, ಅಲ್ಲಲ್ಲಿ ಅರಬ್ಬಿ. ನನ್ನ ನೆನಪಿನಲ್ಲಿ ಅದು ಕನ್ನಡವಾಗಿಯೇ ಉಳಿದಿದೆ, ಹಾಗೇ ಬರೆಯುತ್ತೇನೆ.

"ನಾನು ಆಸ್ಪತ್ರೆಯಲ್ಲಿದ್ದರೆ ಇವಳ ತಲೆ ನೀನು ಬಿಚ್ಚಬೇಕು. ಶುಕ್ರವಾರ ನನ್ನ ಅಮ್ಮ ಬರುತ್ತಾರೆ. ಅಷ್ಟರೊಳಗೆ ಬಿಚ್ಚಿ ತೊಳೆದಿರಬೇಕು. ಮಗುವಿಗೆ ಹೆಸರಿಡುವ ದಿನ ಅಮ್ಮನೇ ಇವಳಿಗೆ ಜಡೆ ಹಾಕುವುದು" ಎಂದಳು.

"ಅದಕ್ಕೇನು, ಬಿಚ್ಚುವ" ಎಂದೆ.

ಆಕೆ ಮಗಳನ್ನು ಎದುರು ಕೂರಿಸಿಕೊಂಡು ಒಂದು ಹುರಿಯ ತುದಿ ಹಿಡಿದು ತೋರಿಸಿದಳು. "ಇಲ್ಲಿಂದ. ಕೆಳಗಿಂದ ಮೇಲೆ. ಬರೀ ಬೆರಳು, ಬಾಚಣಿಗೆ ಬೇಡ. ಬೆರಳಿಗೆ ಚೂರು ಎಣ್ಣೆ. ಬುಡಕ್ಕೆ ಬಂದಾಗ ಸತ್ತ ಕೂದಲು ಸಿಗುತ್ತದೆ, ಅದನ್ನು ಎಳೆದು ತೆಗೆ. ಒಂದಾದ ಮೇಲೆ ಒಂದು. ಎಲ್ಲಾ ಮುಗಿಯುವ ತನಕ ನೀರು ಹಾಕಬೇಡ."

"ಮಾಲೂಮ್, ಮಾಲೂಮ್" ಎಂದೆ ನಾನು. ಗೊತ್ತು ಗೊತ್ತು ಎಂದು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಅರ್ಧ ಕಿವಿ ಅಲ್ಲಿತ್ತು. ಮತ್ತೆ ತಲೆಯ ವಿಷಯದಲ್ಲಿ ನನಗೆ ಯಾರಾದರೂ ಹೇಳಿಕೊಡುವುದೆಂದರೆ ಒಳಗೊಳಗೆ ನಗು. ಹತ್ತು ವರ್ಷದವಳಿದ್ದಾಗಿನಿಂದ ತಂಗಿಯರಿಬ್ಬರ ತಲೆ ಬಾಚಿ, ಎಣ್ಣೆ ಹಾಕಿ, ಮೀಯಿಸಿ ಬೆಳೆಸಿದವಳು ನಾನು. ನಮಗಿನ್ನೂ ಮಕ್ಕಳಾಗಿರಲಿಲ್ಲ. ಒಂದು ಮಗುವಿನ ತಲೆ ಕೈಗೆ ಸಿಗುತ್ತದಲ್ಲ ಎಂಬ ಆಸೆಯೂ ಇದ್ದೀತು.

ಚಾ ಕುಡಿಯುತ್ತ ಕೂತಿದ್ದಾಗ ಹುಡುಗಿಯೇ ಹೇಳಿದ್ದು, ಅಜ್ಜಿಯ ಸಂಗತಿ. ಅವರ ಮಾತಿನಲ್ಲಿ ಅಜ್ಜಿಗೆ ಹಬೂಬಾ. ಎರಡು ವರ್ಷದ ಹಿಂದೆ ಊರಿನಲ್ಲಿ ಇವಳ ತಲೆಗೆ ಹುಳುಕಡ್ಡಿ ಎದ್ದು ಪೂರ್ತಿ ಬೋಳಿಸಿದ್ದರು. ಆ ಬೋಳು ತಲೆಯಲ್ಲೇ ಬಹರೈನಿನ ವಿಮಾನ ಹತ್ತಿದ್ದು. ಹಬೂಬಾ ತಲೆ ಸವರಿ ಸವರಿ ಅತ್ತಿದ್ದರಂತೆ.

"ನಾನು ಬರುವಾಗ ಹೆಗಲಿಗೆ ಮುಟ್ಟಬೇಕು ಅಂದಿದ್ದಾರೆ. ಬಂದ ಕೂಡಲೇ ಎಳೆದು ಅಳೆಯುತ್ತಾರೆ. ಎಲ್ಲಾ ಕಡೆಯಿಂದ" ಎಂದು ಹುಡುಗಿ ಒಂದು ಹುರಿಯನ್ನು ಎಳೆದು ಹೆಗಲಿಗೆ ಮುಟ್ಟಿಸಿ ತೋರಿಸಿದಳು. "ಮುಟ್ಟುತ್ತದೆ, ನೋಡಿ."

ಬಾಯಮ್ಮ ನಕ್ಕರು. "ಇವಳ ಅಜ್ಜಿ ಟೈಲರೋ ಎಂತ?"

ಕೆಲಸ ಶುರು ಮಾಡಿದೆ. ಮೊದಲ ನಾಲ್ಕು ಹುರಿ ಹೇಳಿದ ಹಾಗೇ ತುದಿಯಿಂದ ಬಿಚ್ಚಿದೆ. ಒಂದೊಂದಕ್ಕೆ ಐದೈದು ನಿಮಿಷ. ಮೂವತ್ತಕ್ಕೂ ಹೆಚ್ಚು ಇದ್ದವು. ಐದನೆಯದಕ್ಕೆ ತಾಳ್ಮೆ ಹೋಯಿತು. ನಡುವಿನಿಂದ ಹಿಡಿದು ಬಿಡಿಸಿದೆ. ಕೂದಲು ಒಣಗಿ ಜುಂಗಿನ ಹಾಗಿತ್ತು. ಬಹರೈನಿನ ನಲ್ಲಿ ನೀರು ಉಪ್ಪುಪ್ಪು, ಯಾರ ಕೂದಲನ್ನೂ ಮೆತ್ತಗೆ ಬಿಡುತ್ತಿರಲಿಲ್ಲ. ಆಗ ನನ್ನ ಬುದ್ಧಿ ಓಡಿತು. ಒಣಗಿದ ತಲೆಗೆ ಮಾಡುವುದೇನು? ನಮ್ಮಲ್ಲಾದರೆ ಎಣ್ಣೆಸ್ನಾನ. ಅಜ್ಜಿ ನನಗೆ ಮಾಡಿದ್ದು, ನಾನು ತಂಗಿಯರಿಗೆ ಮಾಡಿದ್ದು. ಎಣ್ಣೆ ಕುಡಿದ ಮೇಲೆ ಕೂದಲು ತಾನಾಗಿ ಬಿಡಿಸಿಕೊಳ್ಳುತ್ತದೆ, ಬಿಸಿನೀರು ಬಿದ್ದರೆ ಇನ್ನೂ ಸಲೀಸು.

ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟು ಎಣ್ಣೆ ಕರಗಿಸಿದೆ. ಹುಡುಗಿಯ ನೆತ್ತಿಗೆ ಒಂದು ಬೊಗಸೆ ಹೊಯ್ದೆ. ಅಂಗೈಯಿಂದ ತಟ್ಟಿ ತಟ್ಟಿ, ಗುಂಡಗೆ ತಿಕ್ಕಿ ತಿಕ್ಕಿ, ಹುರಿಗಳ ಬುಡವನ್ನೆಲ್ಲ ಉಜ್ಜಿದೆ. ಬಚ್ಚಲಿಗೆ ಕರೆದುಕೊಂಡು ಹೋಗಿ ಅಷ್ಟಿಷ್ಟು ಬಿಚ್ಚಿದ, ಉಳಿದದ್ದು ಬಿಚ್ಚದ ಆ ತಲೆಗೆ ಬಿಸಿನೀರು ಹೊಯ್ದು ಶಾಂಪೂ ಹಾಕಿ ತಿಕ್ಕಿದೆ.

ಹುರಿಯ ಒಳಗೆ ಏನಾಗಿರುತ್ತದೆ ಎಂದು ಆಮೇಲೆ ಅರ್ಥವಾಯಿತು. ನಮ್ಮ ಕೂದಲು ದಿನವೂ ಉದುರುತ್ತದೆ, ಬಾಚುವಾಗ ಬಾಚಣಿಗೆಗೆ ಬರುತ್ತದೆ. ಹುರಿ ಹೊಸೆದ ತಲೆಯಲ್ಲಿ ಉದುರಿದ್ದು ಹೊರಗೆ ಬೀಳಲು ದಾರಿಯಿಲ್ಲ, ಬದುಕಿದ ಕೂದಲಿನ ನಡುವೆಯೇ ಕೂತಿರುತ್ತದೆ. ಆರು ವಾರದ್ದು ಹಾಗೆ ಬುಡದಲ್ಲಿ ಸೇರಿತ್ತು. ಬೆರಳಿನಿಂದ ಮೆಲ್ಲಗೆ ಎಳೆದಿದ್ದರೆ ಹತ್ತಿಯ ಹಾಗೆ ಬರುತ್ತಿತ್ತು. ನಾನು ಅದನ್ನು ಗುಂಡಗೆ ತಿಕ್ಕಿ ಬದುಕಿದ್ದಕ್ಕೆ ಸುತ್ತಿಸಿದೆ, ನೀರು ಹಾಕಿ ಬಿಗಿದೆ. ತಣ್ಣನೆಯ ಕೋಣೆಗೆ ಬಂದು ಟವೆಲು ತೆಗೆಯುವಾಗ ಎಣ್ಣೆ ತಲೆಯಲ್ಲೇ ಹೆಪ್ಪುಗಟ್ಟತೊಡಗಿತ್ತು.

ಬೆರಳು ಹಾಕಿದೆ. ಒಳಗೆ ಹೋಗಲಿಲ್ಲ. ಇನ್ನೊಂದು ಕಡೆ ಹಾಕಿದೆ, ಅಲ್ಲೂ ಇಲ್ಲ. ತಲೆಯ ಹಿಂಭಾಗವೆಲ್ಲ ತೆಂಗಿನ ನಾರಿನ ಒಂದು ಚಾಪೆಯ ಹಾಗೆ ಆಗಿತ್ತು.

"ನೋವಾಗುತ್ತದೆ ಆಂಟಿ" ಎಂದಳು ಹುಡುಗಿ. ನಾನು ಇನ್ನೂ ಎಳೆದಿರಲೇ ಇಲ್ಲ.

ಬಾಯಮ್ಮ ಚಾದ ಲೋಟ ತೊಳೆದಿಟ್ಟು ಹೊರಟವರು ಬಾಗಿಲಲ್ಲಿ ನಿಂತು ತಿರುಗಿ ನೋಡಿದರು. ಹತ್ತಿರ ಬಂದು ಕನ್ನಡಕ ಹಾಕಿಕೊಂಡರು.

"ಸಾಯ್ಬಾ ಭೊಗೊಸ್!" ದೇವರೇ ಕ್ಷಮಿಸು ಎಂದು ಅವರ ಭಾಷೆಯಲ್ಲಿ. "ಎಂತ ಮಾಡಿದ್ದು ಮಾರಾಯ್ತಿ ನೀನು?"

"ಎಣ್ಣೆ ಹಾಕಿದೆ ಬಾಯಮ್ಮ."

"ಎಣ್ಣೆಯಾ? ಇದು ಗೋಂದು ಹಾಕಿದ ಹಾಗೆ ಉಂಟು. ನೀರು ಹಾಕು ಅಂತ ಇವಳ ಅಮ್ಮ ಹೇಳಿದ್ದಾ ನಿಂಗೆ?"

"ಹಾಕ್ಬೇಡ ಅಂತ ಹೇಳಿದ್ರು."

"ಮತ್ತೆ?"

ಹಣಿಗೆ ತಂದು ನೋಡಿದೆ. ಮೂರು ಹಲ್ಲು ಮುರಿದವು. ಹುಡುಗಿ ಅಳಲಿಲ್ಲ, ಅದೇ ನನಗೆ ಜಾಸ್ತಿ ಹೆದರಿಕೆ. ಕನ್ನಡಿ ಬೇಕು ಎಂದಳು. ನಾನು ಕೊಡಲಿಲ್ಲ. ಕೈಯಿಂದ ತಾನೇ ತಲೆಯ ಹಿಂದೆ ಮುಟ್ಟಿ ನೋಡಿಕೊಂಡಳು. ಮತ್ತೆ ಬಹಳ ಸಣ್ಣ ದನಿಯಲ್ಲಿ "ಈಗ ಹೆಗಲಿಗೆ ಮುಟ್ಟುವುದಿಲ್ಲವಾ?" ಎಂದು ಕೇಳಿದಳು.

ಬಾಯಮ್ಮ ನನ್ನನ್ನು ಅಡುಗೆಮನೆಗೆ ಎಳೆದರು. "ನೋಡು, ವಾರ್ಡಿನಲ್ಲಿ ಹೀಗಾದ ತಲೆ ನಾನು ಬೇಕಾದಷ್ಟು ನೋಡಿದ್ದೇನೆ. ತಿಂಗಳುಗಟ್ಟಲೆ ಮಲಗಿದವರದ್ದು. ನಾವು ಕತ್ತರಿ ಹಾಕುದೇ. ಸಣ್ಣ ಮಗು, ಬೆಳೀತದೆ."

"ಅವಳ ಅಜ್ಜಿ ನಾಡಿದ್ದು ಬರ್ತಾರೆ ಬಾಯಮ್ಮ. ಎರಡು ವರ್ಷ ಕಾದಿದ್ದಾರೆ. ಮಗಳ ತಲೆ ನನ್ನ ಕೈಯಲ್ಲಿ ಕೊಟ್ಟು ಆ ಹೆಂಗಸು ಅಲ್ಲಿ ನೋವು ತಿನ್ನುತ್ತಾ ಇದ್ದಾಳೆ. ಬೋಳು ಮಾಡಿ ಕೊಡ್ಲಾ ನಾನು?"

ಬಾಯಮ್ಮ ಕನ್ನಡಕ ತೆಗೆದರು. ರಾತ್ರಿಯೆಲ್ಲ ನಿದ್ದೆಗೆಟ್ಟ ಕಣ್ಣು ಕೆಂಪಾಗಿತ್ತು. ಸಿಂಕಿನ ನಲ್ಲಿ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಂಡು, "ಊರಲ್ಲಾದ್ರೆ ದಾಸವಾಳದ ಗೊಂಪು ಹಾಕಿ ನೋಡ್ಬಹುದಿತ್ತು" ಎಂದರು.

ಗೊಂಪು ಎಂದರೆ ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿದಾಗ ಬರುವ ಲೋಳೆ. ನಮ್ಮ ಕಡೆ ಎಣ್ಣೆ ತಲೆಗೆ ಅದನ್ನೇ ಹಾಕಿ ಮೀಯುವುದು. ಎಂಥ ಸಿಕ್ಕಾದರೂ ಅದರಲ್ಲಿ ಜಾರುತ್ತದೆ. ನಾನು ಫೋನಿನ ಹತ್ತಿರ ಓಡಿದೆ. ಅವಾಲಿಯ ತೈಲ ಕಂಪೆನಿಯ ಮನೆಗಳ ಮುಂದೆ ಸಾಲಾಗಿ ದಾಸವಾಳದ ಬೇಲಿ ಇದ್ದದ್ದು ನನಗೆ ಗೊತ್ತಿತ್ತು. ನನ್ನ ಗಂಡ ವಾರಕ್ಕೆರಡು ಸಲ ಅಲ್ಲಿಗೆ ಕಾರಿನ ಸಾಮಾನು ಕೊಡಲು ಹೋಗುತ್ತಿದ್ದರು.

"ಹಾಂ, ಬೋಲೋ" ಎಂದರು ಆ ಕಡೆಯಿಂದ, ಗಿರಾಕಿ ಎಂದುಕೊಂಡು.

"ನಾನು. ಇವತ್ತು ಅವಾಲಿಗೆ ಹೋಗ್ಲಿಕ್ಕೆ ಉಂಟಾ?"

"ಉಂಟು, ಒಂದು ರೇಡಿಯೇಟರ್ ಕೊಡ್ಲಿಕ್ಕೆ. ಎಂತ, ಹೆರಿಗೆ ಆಯ್ತಾ?"

"ಇಲ್ಲ. ದಾಸವಾಳದ ಎಲೆ ಬೇಕು. ಒಂದು ಚೀಲ. ಬೇಗ."

"ಇವತ್ತೆಂತ ದೀಪಾವಳಿಯಾ?"

"ತಮಾಷೆ ಬೇಡ. ಮಗುವಿನ ತಲೆ ಹಾಳು ಮಾಡಿ ಇಟ್ಟಿದ್ದೇನೆ."

"ಕೇಳಿ ಕೊಯ್ಯಬೇಕು ಮಾರಾಯ್ತಿ, ಕಂಪೆನಿಯವರ ಬೇಲಿ" ಎಂದರು. "ನೋಡುವ."

ಅವರು ಬರುವ ತನಕದ ಆ ಎರಡೂವರೆ ಗಂಟೆ ನಾನು ಕೂರಲೂ ಇಲ್ಲ, ನಿಲ್ಲಲೂ ಇಲ್ಲ. ಹುಡುಗಿಗೆ ದೋಸೆ ಹೊಯ್ದು ಕೊಟ್ಟೆ. ಎರಡು ತುಂಡು ತಿಂದಳು. ತಲೆಗೆ ಬೆಚ್ಚನೆಯ ಟವೆಲು ಸುತ್ತಿಟ್ಟಿದ್ದೆ, ಎಣ್ಣೆ ಇನ್ನೂ ಗಟ್ಟಿಯಾಗದಿರಲೆಂದು. ಟವೆಲು ತಣ್ಣಗಾದ ಹಾಗೆ ಬದಲಾಯಿಸುವುದು, ಕಿಟಕಿಗೆ ಹೋಗಿ ಓಣಿ ನೋಡುವುದು. ಫೋನು ಬಡಿದರೆ ಆಸ್ಪತ್ರೆಯಿಂದ ಇರಬಹುದು ಎಂದು ಓಡುವುದು. ಹೆರಿಗೆ ಸುಖವಾಗಿ ಆಗಲಿ ಎಂದು ಬೇಡಿಕೊಳ್ಳುತ್ತಿದ್ದೆ, ಸ್ವಲ್ಪ ತಡವಾಗಿ ಆಗಲಿ ಎಂದೂ. ಎರಡನೆಯದನ್ನು ಬೇಡಿಕೊಂಡದ್ದಕ್ಕೆ ನಾಚಿಕೆಯೂ ಆಗುತ್ತಿತ್ತು. ಬಾಯಮ್ಮ ಸೋಫಾದ ಮೇಲೆ ಕೂತಲ್ಲೇ ಗೊರಕೆ ಹೊಡೆಯುತ್ತಿದ್ದರು. ಮೇಲೆ ಹೋಗಿ ಮಲಗಿ ಎಂದರೆ ಹೋಗಲಿಲ್ಲ.

ಹನ್ನೆರಡೂವರೆಗೆ ನನ್ನ ಗಂಡ ರೇಡಿಯೇಟರಿನ ಖಾಲಿ ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಬಂದರು. ಪೆಟ್ಟಿಗೆ ತುಂಬ ಎಲೆ, ನಡುವೆ ನಾಲ್ಕೈದು ಕೆಂಪು ಹೂವು.

"ಹೂವು ಯಾಕೆ?"

"ಆ ಮನೆಯ ಬಿಳಿ ಹೆಂಗಸು ಹಾಕಿದ್ದು. ಹೆಂಡತಿಗೆ ಬೇಕು ಅಂದೆ. ಪೂಜೆಗೆ ಅಂತ ತಿಳಿದ್ಕೊಂಡ್ಳು." ಹುಡುಗಿಯ ತಲೆ ನೋಡಿದ ಮೇಲೆ ಅವರ ನಗು ನಿಂತಿತು. ಊಟ ತಾವೇ ಬಡಿಸಿಕೊಂಡು ಸದ್ದಿಲ್ಲದೆ ಗ್ಯಾರೇಜಿಗೆ ಮರಳಿದರು.

ಎಲೆ ತೊಳೆದು, ಬೆಚ್ಚನೆಯ ನೀರಿನಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿದೆವು. ಹಸಿರು ಲೋಳೆ ಒಂದು ಪಾತ್ರೆ ತುಂಬ ಆಯಿತು. ಹುಡುಗಿಯನ್ನು ಕಿಟಕಿಯ ಬಿಸಿಲಿಗೆ ಬೆನ್ನು ಮಾಡಿ ಕೂರಿಸಿ, ಈ ಬದಿ ನಾನು, ಆ ಬದಿ ಬಾಯಮ್ಮ. ಈ ಸಲ ಆ ತಾಯಿ ಹೇಳಿದ ಹಾಗೆಯೇ. ತುದಿಯಿಂದ. ಬೆರಳೆರಡು ಲೋಳೆಯಲ್ಲಿ ಅದ್ದಿ, ಎರಡು ಅಂಗುಲ ಬಿಡಿಸಿ, ಸ್ವಲ್ಪ ಮೇಲೆ ಹೋಗಿ, ಮತ್ತೆ ಎರಡು ಅಂಗುಲ. ಬುಡದ ಹತ್ತಿರ ಸತ್ತ ಕೂದಲು ಬೆರಳಿಗೆ ಸಿಕ್ಕಿದರೆ ಬದುಕಿದ್ದನ್ನು ಒಂದು ಕೈಯಲ್ಲಿ ಬಿಗಿಹಿಡಿದು ಅದನ್ನಷ್ಟೇ ಎಳೆಯುವುದು. ಬಿಡಿಸಿದ್ದು ಮತ್ತೆ ಪಕ್ಕದ್ದರ ಜೊತೆ ಸಿಕ್ಕಾಗದ ಹಾಗೆ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ ಬೇರೆ ಇಡುವುದು. ಹುಡುಗಿಯ ತಲೆ ತುಂಬ ಬಣ್ಣಬಣ್ಣದ ಪ್ಲಾಸ್ಟಿಕ್ ಕ್ಲಿಪ್ಪುಗಳಾದವು.

"ನಾನೀಗ ಟೆರೇಸಿನ ಹಗ್ಗ" ಎಂದಳು ಹುಡುಗಿ. ಆ ದಿನ ಅವಳು ನಕ್ಕದ್ದು ಅದೇ ಮೊದಲು.

"ಹೌದು ಪುಟ್ಟಾ, ಇನ್ನು ಅಂಕಲ್‌ನ ಬನಿಯನ್ ನೇತುಹಾಕುದೊಂದು ಬಾಕಿ" ಎಂದರು ಬಾಯಮ್ಮ.

ಬಿಡುತ್ತಾ ಬಂತು. ಒಂದು ಬಿಟ್ಟರೆ ಇನ್ನೊಂದಕ್ಕೆ ಧೈರ್ಯ. ಪೇಪರಿನ ಮೇಲೆ ಸತ್ತ ಕೂದಲಿನ ರಾಶಿ ಒಂದು ಬೆಕ್ಕಿನ ಮರಿಯಷ್ಟಾಯಿತು. ನನ್ನ ಬೆರಳ ತುದಿಗಳು ಸುಕ್ಕುಗಟ್ಟಿ ಬೆಳ್ಳಗಾಗಿದ್ದವು. ಮೂರೂವರೆ ಹೊತ್ತಿಗೆ ಉಳಿದದ್ದು ಒಂದೇ ಗಂಟು, ಎಡಗಿವಿಯ ಹಿಂದೆ, ನೆಲ್ಲಿಕಾಯಿಯಷ್ಟು ದಪ್ಪ, ಬುಡದಿಂದ ಎರಡು ಬೆರಳು ಕೆಳಗೆ. ನಾನು ಮೊದಲು ನಡುವಿನಿಂದ ಹಿಡಿದು ಎಳೆದ ಹುರಿ ಅದೇ ಇರಬೇಕು. ಎಷ್ಟು ಲೋಳೆ ಹಾಕಿದರೂ ತುದಿ ಎಲ್ಲಿದೆ ಎಂದೇ ತಿಳಿಯಲಿಲ್ಲ.

ಆಗ ಫೋನು ಬಡಿಯಿತು. ಹುಡುಗಿಯ ತಂದೆ. ಗಂಡು ಮಗು, ಇಬ್ಬರೂ ಸೌಖ್ಯ. ಐದು ಗಂಟೆಗೆ ಬಂದು ಮಗಳಿಗೆ ತಮ್ಮನನ್ನು ತೋರಿಸಲು ಕರೆದುಕೊಂಡು ಹೋಗುತ್ತೇನೆ, ಸಿದ್ಧ ಮಾಡಿ ಇಡಿ ಎಂದರು.

ಹುಡುಗಿ ಕುಣಿದಳು. ನಾನು ಗಡಿಯಾರ ನೋಡಿದೆ. ತೊಳೆಯಬೇಕು, ಒಣಗಿಸಬೇಕು, ಬಟ್ಟೆ ಹಾಕಬೇಕು. ಆ ಗಂಟಿನೊಂದಿಗೆ ಆಸ್ಪತ್ರೆಗೆ ಹೋದರೆ ತಾಯಿಯ ಕೈ ಮೊದಲು ಹೋಗುವುದೇ ತಲೆಗೆ. ಹೆತ್ತು ಮಲಗಿದವಳಿಗೆ ಅದನ್ನು ತೋರಿಸುವುದೇ? ಇನ್ನೊಂದು ಸಲ ಪ್ರಯತ್ನಿಸಿದೆ. ನಾಲ್ಕೂಕಾಲು ಆಯಿತು.

"ಕತ್ತರಿ ಕೊಡಿ ಬಾಯಮ್ಮ" ಎಂದೆ.

ಬೆಳಿಗ್ಗೆ ಕತ್ತರಿ ಹಾಕು ಎಂದವರು ಈಗ ಕೊಡಲು ಹಿಂದೆಮುಂದೆ ನೋಡಿದರು. "ಒಂದು ಗಂಟೆ ಕೂತ್ರೆ..."

"ಒಂದು ಗಂಟೆ ಎಲ್ಲಿ ಉಂಟು?"

ಹುಡುಗಿ ಕಣ್ಣು ಮುಚ್ಚಿಕೊಂಡಳು. ನಾನು ಗಂಟಿನ ಮೇಲ್ಭಾಗದಲ್ಲಿ ಕತ್ತರಿಸಿದೆ. ಕತ್ತರಿಸಿದ ಮೇಲೆ ಅದು ಅಂಗೈಯಲ್ಲಿ ಬೆಚ್ಚಗಿತ್ತು. ನಮ್ಮಲ್ಲಿ ಬಾಚಿದ ಕೂದಲನ್ನು ಉಂಡೆ ಮಾಡಿ ಮೂರು ಸಲ ಉಗುಳಿ ಎಸೆಯುವುದು ಪದ್ಧತಿ. ಇದನ್ನು ಎಸೆಯಲು ಮನಸ್ಸು ಬರಲಿಲ್ಲ. ಒಂದು ಏರ್‌ಮೇಲ್ ಲಕೋಟೆಯಲ್ಲಿ ಹಾಕಿ ಕಪಾಟಿನಲ್ಲಿ ಸೀರೆಗಳ ಅಡಿ ಇಟ್ಟೆ.

ಉಳಿದ ಕೂದಲು ತೊಳೆದ ಮೇಲೆ ಮೋಡದ ಹಾಗೆ ಎದ್ದು ನಿಂತಿತು. ಕತ್ತರಿಸಿದ ಜಾಗ ಅದರೊಳಗೆ ಕಾಣುತ್ತಿರಲಿಲ್ಲ. ಹುಡುಗಿ ಕನ್ನಡಿಯಲ್ಲಿ ಎಲ್ಲಾ ಬದಿ ನೋಡಿಕೊಂಡು, ಕಿವಿಯ ಹಿಂದೆ ಒಂದು ಬೆರಳಿಟ್ಟು, "ಹೇಳುವುದು ಬೇಡ" ಎಂದಳು. ನಾನು ಹೂಂ ಎಂದೆ. ಏಳು ವರ್ಷದ ಮಗುವಿನ ಹತ್ತಿರ ಹೂಂ ಎನ್ನಬಾರದಿತ್ತು.

ಮೂರನೆಯ ದಿನ ತಾಯಿ ಮನೆಗೆ ಬಂದಳು. ನಾನು ಬಿಸಿ ಗಂಜಿ ತೆಗೆದುಕೊಂಡು ಹೋದರೆ ಎರಡೂ ಕೈ ಹಿಡಿದುಕೊಂಡು ಶುಕ್ರನ್, ಶುಕ್ರನ್ ಎಂದು ಧನ್ಯವಾದ ಹೇಳಿದಳು. ಎಷ್ಟು ಚೆನ್ನಾಗಿ ಬಿಚ್ಚಿದ್ದೀ, ಒಂದು ಗಂಟಿಲ್ಲ ಎಂದಳು. ನಾನು ಗಂಜಿಯ ಪಾತ್ರೆ ಅಲ್ಲಿಟ್ಟು ಮೇಲೆ ಬಂದುಬಿಟ್ಟೆ. ಅದೇ ದಿನ ಮಧ್ಯಾಹ್ನ ಹಬೂಬಾ ಬಂದರು. ಕೆಳಗಿನಿಂದ ದೊಡ್ಡ ದನಿ, ನಗು, ಅಳು ಎಲ್ಲ ಕೇಳಿಸಿತು. ಅಳೆಯುವಾಗ ಬಲಗಡೆಯ ಕೂದಲನ್ನೇ ಮುಂದೆ ಮಾಡಿ ಕಿವಿಯ ಹಿಂದೆ ಕೈ ಹೋಗದ ಹಾಗೆ ತಪ್ಪಿಸಿಕೊಂಡೆ ಎಂದು ಸಂಜೆ ಮೆಟ್ಟಿಲಿನಲ್ಲಿ ಹುಡುಗಿ ನನಗೆ ಪಿಸುಗುಟ್ಟಿದಳು. ಆಮೇಲಿನ ನಾಲ್ಕು ದಿನ ಮೆಟ್ಟಿಲಿನಲ್ಲಿ ಚಪ್ಪಲಿ ಸದ್ದಾದರೆ ನನ್ನ ಮನೆಗೇ ಬಂದರು ಎಂದು ಕೈಯಲ್ಲಿದ್ದದ್ದು ಬಿಟ್ಟು ನಿಲ್ಲುತ್ತಿದ್ದೆ.

"ಹೋಗಿ ಹೇಳಿ ಬಾ, ಮುಗೀತದೆ" ಎಂದರು ನನ್ನ ಗಂಡ.

"ನಾಳೆ" ಎಂದೆ, ನಾಲ್ಕು ಸಲ.

ಏಳನೆಯ ದಿನ ಮಗುವಿಗೆ ಹೆಸರಿಡುವುದಕ್ಕೆ ಕರೆದರು. ಹೆಂಗಸರ ಕೋಣೆಯಲ್ಲಿ ಧೂಪದ ಹೊಗೆ, ಖರ್ಜೂರ, ಹತ್ತು ಹನ್ನೆರಡು ಜನ. ಹಬೂಬಾ ನೆಲದ ಮೇಲೆ ಕೂತಿದ್ದರು. ಮೈಗೆ ಸುತ್ತಿ ತಲೆಗೆ ಹೊದ್ದ ಬಿಳಿ ಬಟ್ಟೆ ನಮ್ಮ ಸೀರೆಯ ಹಾಗೇ ಇತ್ತು. ಹುಡುಗಿಯನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು ಜಡೆ ಹೆಣೆಯುತ್ತಿದ್ದರು. ಬಲಗಡೆ ಮುಗಿದು ಎಡಗಡೆಗೆ ಬಂದರು. ಕಿವಿಯ ಹಿಂದೆ ಬೆರಳು ನಿಂತಿತು.

ಕೂದಲು ಅತ್ತಿತ್ತ ಸರಿಸಿ ನೋಡಿದರು. ಅರಬ್ಬಿಯಲ್ಲಿ ಏನೋ ಕೇಳಿದರು. ಹುಡುಗಿ ತಲೆ ಎತ್ತದೆ ಉತ್ತರ ಕೊಟ್ಟಳು, ಬೆರಳೆರಡನ್ನು ಕತ್ತರಿಯ ಹಾಗೆ ಮಾಡಿ ತನ್ನ ಎದೆಗೆ ತೋರಿಸಿಕೊಂಡು. ನಾನೇ ಕತ್ತರಿಸಿಕೊಂಡೆ ಎಂದು. ಹಬೂಬಾರ ಮುಖ ಸಣ್ಣದಾಯಿತು. ತಾಯಿ ಮಂಚದಿಂದ ಎದ್ದು ಕೂತು ಮಗಳನ್ನು ಗದರಿದಳು.

"ಅನಾ" ಎಂದೆ ನಾನು. ನಾನು ಎಂಬುದಕ್ಕೆ ಅರಬ್ಬಿ ಪದ ಅಷ್ಟು ಗೊತ್ತಿತ್ತು. "ಅವಳಲ್ಲ. ನಾನು ಕತ್ತರಿಸಿದ್ದು. ಎಣ್ಣೆ ಹಾಕಿ, ನೀರು ಹಾಕಿ ಗಂಟು ಮಾಡಿದ್ದೂ ನಾನೇ."

ಕೋಣೆಯಲ್ಲಿ ಎಲ್ಲರೂ ನನ್ನನ್ನೇ ನೋಡಿದರು. ತಾಯಿ ಹಬೂಬಾಗೆ ಅದನ್ನು ಹೇಳಿದಳು, ಹೇಳುವಾಗ ನನ್ನ ಕಡೆ ನೋಡಲಿಲ್ಲ. ಹಬೂಬಾ ಒಂದು ಪ್ರಶ್ನೆ ಕೇಳಿದರು.

"ಆ ಗಂಟು ಎಲ್ಲಿ ಎಂದು ಕೇಳುತ್ತಿದ್ದಾರೆ" ಎಂದಳು ತಾಯಿ. "ಎಸೆದೆಯಾ?"

ನಾನು ಮೇಲೆ ಓಡಿ ಹೋಗಿ ಸೀರೆಗಳ ಅಡಿಯಿಂದ ಲಕೋಟೆ ತಂದುಕೊಟ್ಟೆ. ಹಬೂಬಾ ಗಂಟನ್ನು ಮಡಿಲಿನ ಬಟ್ಟೆಯ ಮೇಲೆ ಇಟ್ಟುಕೊಂಡರು. ಪಕ್ಕದ ಬಟ್ಟಲಿನಿಂದ ಎಳ್ಳೆಣ್ಣೆ ಒಂದು ಹನಿ ಬೆರಳಿಗೆ ತಗೊಂಡು, ಗಂಟನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಉಗುರಿನಿಂದ ಒಂದು ಎಳೆಯ ತುದಿ ಎತ್ತಿದರು. ಸುತ್ತಲೂ ಮಾತು ಮತ್ತೆ ಶುರುವಾಯಿತು, ಮಗು ಅತ್ತಿತು, ಯಾರೋ ಚಾ ಹಂಚಿದರು. ನಾನು ಎದುರಿಗೆ ಕೂತು ಆ ಕೈಯನ್ನೇ ನೋಡುತ್ತಿದ್ದೆ. ನನ್ನ ಚಾ ಆರುವಷ್ಟರಲ್ಲಿ ಗಂಟು ಪೂರ್ತಿ ಬಿಟ್ಟಿತು. ಸತ್ತ ಕೂದಲನ್ನು ಬೇರೆ ತೆಗೆದಿಟ್ಟು, ಉಳಿದ ಉದ್ದ ಎಳೆಯನ್ನು ನೀವಿ, ಹಬೂಬಾ ಅದನ್ನು ನನ್ನ ಅಂಗೈಯ ಮೇಲೆ ಮಲಗಿಸಿದರು. ಆಮೇಲೆ ಹುಡುಗಿಯ ತಲೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಎಡಗಡೆಯ ಜಡೆ ಹೆಣೆದರು.